ಉಪಾಧ್ಯಕ್ಷರು ಮಧ್ಯಾಹ್ನ, ಅಧ್ಯಕ್ಷರು ಸಂಜೆ

ಕಂಬಳಿಹಟ್ಟಿಯ ಪಂಚಾಯ್ತಿ ಗ್ರಂಥಾಲಯದ ಮೇಲ್ವಿಚಾರಕ ಕನಕರಾಜನಿಗೆ ಒಂದು ಕಾಯಿಲೆ ಇತ್ತು. ತನಗೆ ಗೊತ್ತಿರುವುದನ್ನು ಅರ್ಧ ಹೇಳಿ ನಿಲ್ಲಿಸುವುದು ಅವನಿಂದ ಆಗುತ್ತಿರಲಿಲ್ಲ. ಹತ್ತು ವರ್ಷ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದಿ, ಒಂದರಲ್ಲೂ ಪಾಸಾಗದೆ, ನಲವತ್ತು ದಾಟಿದ ಮೇಲೆ ಈ ಕುರ್ಚಿಗೆ ಬಂದು ಕೂತಿದ್ದ. ಪರೀಕ್ಷೆಯಲ್ಲಿ ಸೋತವರು ಸಾಮಾನ್ಯವಾಗಿ ಓದಿದ್ದನ್ನು ಮರೆತು ಸುಖವಾಗಿರುತ್ತಾರೆ. ಕನಕರಾಜನಿಗೆ ಆ ಭಾಗ್ಯವೂ ಇರಲಿಲ್ಲ. ಹೊಸದುರ್ಗದ ಬಸ್ಸಿನಲ್ಲಿ ಯಾರಾದರೂ "ಹಿರಿಯೂರು ಡ್ಯಾಮ್ ತುಂಬೈತಂತೆ" ಎಂದರೆ, ನಾಲ್ಕು ಸೀಟು ಹಿಂದಿನಿಂದ ಎದ್ದು ಬಂದು, "ತುಂಬಿಲ್ಲ, ಇನ್ನೂ ಎರಡೂ ಕಾಲು ಅಡಿ ಬೇಕು" ಎಂದು ಹೇಳುತ್ತಿದ್ದ. ವಾಪಸ್ ಹೋಗುವಷ್ಟರಲ್ಲಿ ಅವನ ಸೀಟಿನಲ್ಲಿ ಬೇರೆಯವರು ಕೂತಿರುತ್ತಿದ್ದರು.

ಹೋದ ವರ್ಷ ಮೇಲಿನಿಂದ ಒಂದು ಆದೇಶ ಬಂತು. ಗ್ರಂಥಾಲಯದ ಮುಂದೆ ಕಪ್ಪುಹಲಗೆ ಇಟ್ಟು, 'ನಿಮಗಿದು ಗೊತ್ತೇ?' ಎಂದು ದಿನಕ್ಕೊಂದು ವಿಷಯ ಬರೆದು, ಹತ್ತು ಗಂಟೆಯೊಳಗೆ ಫೋಟೊ ಕಳಿಸಬೇಕು. ಗ್ರಂಥಾಲಯದಲ್ಲಿ ಸಾಮಾನ್ಯ ಜ್ಞಾನದ ಪುಸ್ತಕ ಇದ್ದದ್ದು ಒಂದೇ. ಅದರೊಳಗಿನ ಸಂವಿಧಾನವನ್ನು ಪೊಲೀಸ್ ಪರೀಕ್ಷೆಗೆ ಓದುವವರು ಹರಿದುಕೊಂಡು ಹೋಗಿದ್ದರು. ಕರ್ನಾಟಕದ ನದಿಗಳು ಗುಮಾಸ್ತೆ ಪರೀಕ್ಷೆಯವರ ಪಾಲಾಗಿದ್ದವು. ವಿಜ್ಞಾನ ಯಾವಾಗಲೋ ಹೋಗಿತ್ತು. ಯಾವ ಪರೀಕ್ಷೆಯಲ್ಲೂ ಕೇಳದ ಕಾರಣ, ಅಮೆರಿಕದ ಅಧ್ಯಕ್ಷರು ಮತ್ತು ಉಪಾಧ್ಯಕ್ಷರ ಬಗೆಗಿನ ನಲವತ್ತು ಪುಟ ಮಾತ್ರ ಯಾರ ಕೈಯೂ ತಾಕದೆ ಹೊಸದಾಗಿ ಉಳಿದಿತ್ತು.

ಕಂಬಳಿಹಟ್ಟಿಯ ಕುರಿಗಾರರಿಗೆ ಅಮೆರಿಕ ಪರಿಚಯವಾದದ್ದು ಹೀಗೆ. ಕೋಟು ಟೋಪಿ ಇಲ್ಲದೆ ಚಳಿಯಲ್ಲಿ ಎರಡು ಗಂಟೆ ಭಾಷಣ ಮಾಡಿದ ಒಬ್ಬ ಅಧ್ಯಕ್ಷರು ಒಂದೇ ತಿಂಗಳಿಗೆ ತೀರಿಕೊಂಡರು ಎಂದು ಹಲಗೆಯಲ್ಲಿ ಬಂದ ಮೇಲೆ, ಪಂಚಾಯ್ತಿ ಅಧ್ಯಕ್ಷ ತಿಪ್ಪೇರುದ್ರಪ್ಪನವರು ಏಪ್ರಿಲ್ ಬಿಸಿಲಿನಲ್ಲೂ ಮಫ್ಲರ್ ಸುತ್ತಿಕೊಂಡೇ ಮೈಕಿನ ಮುಂದೆ ನಿಲ್ಲುತ್ತಿದ್ದರು. ಅಮೆರಿಕದ ಮೊದಲ ಉಪಾಧ್ಯಕ್ಷರು ತಮ್ಮ ಹುದ್ದೆಯಷ್ಟು ಕೆಲಸಕ್ಕೆ ಬಾರದ ಹುದ್ದೆ ಇನ್ನೊಂದಿಲ್ಲ ಎಂದು ಹೆಂಡತಿಗೆ ಪತ್ರ ಬರೆದಿದ್ದರು ಎಂದು ಬಂದ ದಿನ, ಕಂಬಳಿ ನೇಯುವ ಜಂಬಣ್ಣ ಹಲಗೆಯ ಮುಂದೆ ಬಹಳ ಹೊತ್ತು ನಿಂತಿದ್ದು, "ಅನುಭವಸ್ಥ" ಎಂದು ಹೇಳಿ ಬೀಡಿ ಹಚ್ಚಿಕೊಂಡು ಹೋದ.

ಜಂಬಣ್ಣ ಹಾಗೆ ಹೇಳಲು ಕಾರಣವಿತ್ತು. ಅವನೂ ಉಪಾಧ್ಯಕ್ಷನಾಗಿದ್ದವನೇ. ಊರಿನ ಉಣ್ಣೆ ಉತ್ಪಾದಕರ ಸಂಘ ಶುರುವಾದಾಗ ಮುದ್ದಣ್ಣ ಅಧ್ಯಕ್ಷ, ಜಂಬಣ್ಣ ಉಪಾಧ್ಯಕ್ಷ. ಇಬ್ಬರೂ ಒಟ್ಟಿಗೆ ಕುರಿ ಕಾದವರು, ಒಂದೇ ಕಂಬಳಿ ಹೊದ್ದು ಮಲಗಿದವರು. ಸಂಘದ ಗೋದಾಮಿನ ಉದ್ಘಾಟನೆಯ ಕಲ್ಲಿನಲ್ಲಿ ಅಧ್ಯಕ್ಷರ ಹೆಸರು ದಪ್ಪಕ್ಷರದಲ್ಲಿ ಬಂತು. ಅದರ ಕೆಳಗೆ ಶಾಸಕರು, ಅಧಿಕಾರಿಗಳು, ಇಂಜಿನಿಯರು, ಗುತ್ತಿಗೆದಾರ. ಗುತ್ತಿಗೆದಾರನ ಕೆಳಗೆ, ಕಲ್ಲೇ ಮುಗಿಯುವ ಹೊತ್ತಿಗೆ, 'ಉಪಾಧ್ಯಕ್ಷರು: ಜಂಬ' ಎಂದಿತ್ತು. 'ಣ್ಣ' ಹಿಡಿದಿರಲಿಲ್ಲ.

ಪರದೆ ಸರಿಸಿದಾಗ ಊರೆಲ್ಲ ನಕ್ಕಿತು. ಮುದ್ದಣ್ಣನೂ ನಕ್ಕ. ಊರು ನಕ್ಕಿದ್ದನ್ನು ಜಂಬಣ್ಣ ಕ್ಷಮಿಸಿದ. ಮುದ್ದಣ್ಣನೊಡನೆ ಅಂದೇ ಮಾತು ಬಿಟ್ಟ. ಅದು ಹನ್ನೊಂದು ವರ್ಷದ ಹಿಂದಿನ ಮಾತು.

ಈ ಜುಲೈ ನಾಲ್ಕರ ಬೆಳಿಗ್ಗೆ ಕನಕರಾಜ ಹಲಗೆಯ ಮೇಲೆ ಮುದ್ದಾದ ಅಕ್ಷರದಲ್ಲಿ ಬರೆದ: 'ನಿಮಗಿದು ಗೊತ್ತೇ? ಅಧ್ಯಕ್ಷರು, ಉಪಾಧ್ಯಕ್ಷರು ಒಂದು ಕಾಲದ ಗೆಳೆಯರು. ಜಗಳವಾಡಿ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಇಬ್ಬರೂ ಒಂದೇ ದಿನ ನಿಧನರಾದರು.' ಅದರ ಕೆಳಗೆ, 'ಜಾನ್ ಆಡಮ್ಸ್, ಥಾಮಸ್ ಜೆಫರ್ಸನ್, ಅಮೆರಿಕ, 1826 ಜುಲೈ 4' ಎಂದು ಬರೆದು, ಹಲಗೆಯನ್ನು ಗೋಡೆಗೆ ಒರಗಿಸಿ, ಕೈ ತೊಳೆಯಲು ಹೋದ. ಆ ಹೊತ್ತಿಗೆ ಒಂದು ಕುರಿಮಂದೆ ಆ ದಾರಿಯಲ್ಲಿ ಹೋಯಿತು. ಮೈ ಕೆರೆತಕ್ಕೆ ಹಲಗೆಯ ಅಂಚು ಚೆನ್ನಾಗಿ ಸಿಕ್ಕಿತು. ಹತ್ತಿಪ್ಪತ್ತು ಕುರಿಗಳು ಸೇರಿ ಕೆಳಗಿನ ಸಾಲಿನ ಆಡಮ್ಸ್, ಜೆಫರ್ಸನ್, ಅಮೆರಿಕ ಎಲ್ಲವನ್ನೂ ಒರೆಸಿಕೊಂಡು ಹೋದವು. ಕನಕರಾಜ ಬಂದು, ಹತ್ತು ಗಂಟೆಯಾಗುತ್ತಿದೆಯೆಂಬ ಗಡಿಬಿಡಿಯಲ್ಲಿ ನೋಡದೆ ಫೋಟೊ ಹೊಡೆದು, ಅಧಿಕಾರಿಗಳಿಗೂ ಊರಿನ ವಾಟ್ಸಾಪ್ ಗುಂಪಿಗೂ ಕಳಿಸಿದ.

ಹನ್ನೆರಡು ಗಂಟೆಗೆ ಬಿ.ದುರ್ಗದಿಂದ ಒಂದು ಲಗೇಜ್ ಆಟೋ ಬಂದು ಜಂಬಣ್ಣನ ಮನೆಯ ಮುಂದೆ ನಿಂತಿತು. ಅದರಿಂದ ಅವನ ತಂಗಿ ರೇಣುಕಮ್ಮ ಎದೆ ಬಡಿದುಕೊಳ್ಳುತ್ತ ಇಳಿದಳು. ಹಿಂದೆ ಹಾರ ಹಿಡಿದ ಗಂಡ. ಜಂಬಣ್ಣ ಪಡಸಾಲೆಯಲ್ಲಿ ಮುದ್ದೆ ಮುರಿಯುತ್ತಿದ್ದ.

"ಯಾಕೇ ತಂಗಿ, ಯಾರು ಹೋದ್ರು?"

ರೇಣುಕಮ್ಮ ಅಳು ನಿಲ್ಲಿಸಿ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. "ನೀನೇ ಕಣಣ್ಣ."

"ನಾನಾ? ಯಾವಾಗ?"

"ಬೆಳಿಗ್ಗೆ ಅಂತೆ. ಮೊಬೈಲ್‌ನಾಗೆ ಬಂದೈತೆ."

ಜಂಬಣ್ಣ ಕೈಯಲ್ಲಿದ್ದ ತುತ್ತನ್ನು ನೋಡಿ, ಸಾರಿನಲ್ಲಿ ಅದ್ದಿ, ನುಂಗಿದ. "ಮತ್ತೆ ನಮ್ ಆಶಾರಾಣಿ ನನ್ಗೇನೂ ಹೇಳ್ಲಿಲ್ವಲ್ಲ" ಎಂದ. ಮಗಳು ಆಶಾರಾಣಿ ಒಳಗಿನಿಂದ ಓಡಿಬಂದು, ಮಾವನ ಕೈಯಿಂದ ಹಾರ ಕಿತ್ತು ತಿಪ್ಪೆಗೆ ಎಸೆದಳು. ಹೊಳಲ್ಕೆರೆಯಲ್ಲಿ ಆರಿಸಿ ತಂದ ಹಾರವೆಂದು ಮಾವನಿಗೆ ಸಂಕಟವಾಯಿತು.

ಅತ್ತ ಮುದ್ದಣ್ಣನ ಮನೆಗೆ ಹಿರಿಯೂರಿನಿಂದ ಮೂವರು ಕೊಬ್ಬರಿ ವ್ಯಾಪಾರಿಗಳು ಬಂದಿದ್ದರು. ಬಾಗಿಲು ತೆರೆದವನು ಮುದ್ದಣ್ಣನೇ. "ಮುದ್ದಣ್ಣೋರ ದರ್ಶನಕ್ಕೆ ಬಂದ್ವಿ" ಎಂದು ತೊದಲಿ, ಅವನು ಕುಂತ್ಕಳ್ರಿ ಎಂದಾಗ ಕೂತು, ಟೀ ಕುಡಿದು, ಯಾಕೆ ಬಂದದ್ದೆಂದು ಹೇಳದೆ ಎದ್ದುಹೋದರು.

ಸಂಜೆ ಪಂಚಾಯ್ತಿ ಕಟ್ಟೆಯ ಮೇಲೆ ವಿಚಾರಣೆ ನಡೆಯಿತು. ತಿಪ್ಪೇರುದ್ರಪ್ಪನವರು ಮಫ್ಲರ್ ಬಿಗಿಮಾಡಿಕೊಂಡು, "ಏನಪ್ಪ ಕನಕರಾಜ, ಬದುಕಿರೋರನ್ನ ಬೋರ್ಡಿನಾಗೆ ಸಾಯಿಸ್ತೀಯಲ್ಲ, ಇದಕ್ಕೂ ಆದೇಶ ಐತಾ?" ಎಂದರು.

ಕನಕರಾಜ ಪುಸ್ತಕ ತಂದು ತೋರಿಸಿದ. ಸತ್ತವರು ಅಮೆರಿಕದವರು, ಸತ್ತು ಸುಮಾರು ಇನ್ನೂರು ವರ್ಷವಾಯಿತು ಎಂದ. ಜನ ನಕ್ಕು ಎದ್ದು ಹೊರಟಿದ್ದರು. ಅಲ್ಲಿಗೆ ಬಾಯಿ ಮುಚ್ಚಿದ್ದರೆ ಈ ಕಥೆ ಹೇಳುವ ಕೆಲಸ ನನಗೆ ಬೀಳುತ್ತಿರಲಿಲ್ಲ. ಆದರೆ ವಿಷಯ ಇನ್ನೂ ಪೂರ್ತಿಯಾಗಿರಲಿಲ್ಲ.

"ಅಧ್ಯಕ್ಷರಿಗೆ ತೊಂಬತ್ತು, ಉಪಾಧ್ಯಕ್ಷರಿಗೆ ಎಂಬತ್ಮೂರು" ಎಂದ. "ಉಪಾಧ್ಯಕ್ಷರು ಮಧ್ಯಾಹ್ನ ಹೋದ್ರು. ಅಧ್ಯಕ್ಷರು ಅದೇ ಸಂಜೆ, ಆರೂ ಇಪ್ಪತ್ತರ ಸುಮಾರಿಗೆ."

ಹೆಂಗಸರ ಗುಂಪಿನಿಂದ ಮುದ್ದಣ್ಣನ ಹೆಂಡತಿ ಚಿತ್ತಮ್ಮ ಮುಂದೆ ಬಂದಳು. "ಇಬ್ರಿಗೂ ಎಷ್ಟು ವರ್ಸ ಫರಕು?"

"ಏಳು, ದೊಡ್ಡಮ್ಮ."

"ನಮ್ಮನೆಯವ್ರಿಗೆ ಎಪ್ಪತ್ತೆಂಟು. ಜಂಬಣ್ಣಗೆ ಎಪ್ಪತ್ತೊಂದು."

ಎದ್ದು ಹೊರಟಿದ್ದವರು ತಿರುಗಿ ಬಂದು ಕೂತರು.

"ಅವ್ರೂ ಹನ್ನೊಂದು ವರ್ಸ ಮಾತು ಬಿಟ್ಟಿದ್ರು, ಇವ್ರೂ ಬಿಟ್ಟವ್ರೆ. ಮೊದ್ಲು ಉಪಾಧ್ಯಕ್ಷ ಹೋಗ್ತಾನೆ, ಸಂಜೀಕೆ ಅಧ್ಯಕ್ಷ. ಹಂಗೇ ಅಲ್ವೇನಪ್ಪ?"

"ಪುಸ್ತಕದಾಗೆ ಹಂಗೇ ಐತೆ" ಎಂದ ಕನಕರಾಜ. ಸುಳ್ಳು ಹೇಳಲು ಬರುತ್ತಿರಲಿಲ್ಲ. "ಅಷ್ಟೇ ಅಲ್ಲ, ಐದು ವರ್ಷ ಬಿಟ್ಟು ಇನ್ನೊಬ್ರು ಮಾಜಿ ಅಧ್ಯಕ್ಷರೂ ಅದೇ ತಾರೀಖಿಗೆ ತೀರ್ಕೊಂಡ್ರು."

ತಿಪ್ಪೇರುದ್ರಪ್ಪನವರು ಸಭೆಯನ್ನು ಅಲ್ಲಿಗೇ ಮುಗಿಸಿದರು.

ಚಿತ್ತಮ್ಮ ಅಮೆರಿಕವನ್ನು ಕಂಡವಳಲ್ಲ, ಆದರೆ ಲೆಕ್ಕದಲ್ಲಿ ಗಟ್ಟಿ. ಗಂಡ ಬದುಕಬೇಕಾದರೆ ಜಂಬಣ್ಣ ಬದುಕಬೇಕು. ಜಂಬಣ್ಣ ನೋಡಿದರೆ ದಿನಕ್ಕೆ ಎರಡು ಕಟ್ಟು ಬೀಡಿ ಸೇದುವವನು, ಕೆಮ್ಮಿದರೆ ಮೂರನೆಯ ಬೀದಿಗೆ ಕೇಳುತ್ತಿತ್ತು. ಮರುದಿನವೇ ಅವಳು ನಾಟಿಕೋಳಿ ಕೊಯ್ಯಿಸಿ, ಸಾರು ಮಾಡಿ, ಕ್ಯಾರಿಯರಿಗೆ ತುಂಬಿ, ಕನಕರಾಜನನ್ನು ಹಿತ್ತಲಿಗೆ ಕರೆಸಿದಳು.

"ಹಚ್ಚಿದ್ದು ನೀನು, ಹೊರೋನೂ ನೀನೇ. ನಮ್ಮನೆಯವ್ರಿಗೆ ಗೊತ್ತಾಗಬಾರ್ದು. ಅವ್ರಿಗೆ ಗೊತ್ತಾದ್ರೆ ಸಾರಿನ ಜೊತೆ ನನ್ನೂ ಬೀದಿಗೆ ಚೆಲ್ತಾರೆ."

ಜಂಬಣ್ಣ ಮಗ್ಗದ ಗುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ. ಕ್ಯಾರಿಯರ್ ನೋಡಿ, "ಯಾರು ಕಳ್ಸಿದ್ದು?" ಎಂದ.

"ಮುದ್ದಣ್ಣೋರ ಮನೆಯಿಂದ ಮಾವ." ಅಷ್ಟು ನಿಜವೇ ಆಗಿತ್ತು. ಕನಕರಾಜ ಜೀವಮಾನದಲ್ಲಿ ಮೊದಲ ಬಾರಿಗೆ ಉಳಿದದ್ದನ್ನು ನುಂಗಿಕೊಂಡ.

ಜಂಬಣ್ಣ ಪೂರ್ತಿ ಕುಡಿದ. ಮಾರನೆಯ ದಿನ ಕಾಲುಸೂಪು ಬಂತು. ಅದರ ಮಾರನೆಯ ದಿನ ಸ್ವೆಟರ್. ಮುದ್ದಣ್ಣನ ಮಗ ಜುಂಜೇಶ ಊರಿನ ಎರಡೂ ಅಂಗಡಿಗೆ ಹೋಗಿ, ಜಂಬಣ್ಣನಿಗೆ ಬೀಡಿ ಕೊಟ್ಟರೆ ಕೈ ಮುರಿಯುತ್ತೇನೆ ಎಂದು ವಿನಯದಿಂದ ಹೇಳಿಬಂದ. ಜಂಬಣ್ಣ ಹೊಲದ ಕಡೆ ಹೊರಟರೆ ಯಾರಾದರೂ ಒಬ್ಬರು ಹತ್ತು ಮಾರು ಹಿಂದೆ ಇರುತ್ತಿದ್ದರು. ಕಲ್ಲು ಎಡವಿದರೆ ನಾಲ್ಕು ಕೈ ಬರುತ್ತಿದ್ದವು.

"ಏನಣ್ಣ, ಎಲೆಕ್ಷನ್ ಬಂತಾ?" ಎಂದು ಆಶಾರಾಣಿ ಕನಕರಾಜನನ್ನು ಕೇಳಿದಳು. ಅವನು ಪಂಚಾಯ್ತಿ ಚುನಾವಣೆಯ ಅವಧಿ ಯಾವಾಗ ಮುಗಿಯುತ್ತದೆಂದು ತಿಂಗಳ ಸಮೇತ ಹೇಳಿದ. ಅವಳು ಕೇಳಿದ್ದು ಅದಲ್ಲವೆಂದು ಅವನಿಗೂ ಗೊತ್ತಿತ್ತು.

ಹದಿನೈದು ದಿನ ಕಳೆದ ಮೇಲೆ ಜಂಬಣ್ಣ ಒಂದು ಕರಿ ಕಂಬಳಿಯನ್ನು ಮಡಿಸಿ ಕನಕರಾಜನ ಹೆಗಲಿಗೆ ಹಾಕಿದ. ತಾನೇ ನೂಲಿಗೆ ಗಂಜಿ ಹಾಕಿ ನೇಯ್ದದ್ದು, ಅಂಚಿಗೆ ಬಿಳಿ ಎಳೆ. "ಮುದ್ದಣ್ಣಗೆ ಕೊಡು. ಏನೂ ಹೇಳ್ಬ್ಯಾಡ."

ಮುದ್ದಣ್ಣನಿಗೆ ಸಾರಿನ ಸುದ್ದಿಯೇ ಗೊತ್ತಿರಲಿಲ್ಲ. ಅವನು ಕಂಬಳಿಯನ್ನು ಬಿಡಿಸಿ ನೋಡಿದ, ಮೂಸಿದ, ಮತ್ತೆ ಮಡಿಸಿದ. ಹನ್ನೊಂದು ವರ್ಷದ ಮೇಲೆ ಜಂಬಣ್ಣನೇ ಬಗ್ಗಿದನಲ್ಲ ಎಂದು ಅವನ ಮುಖ ಹಿಗ್ಗಿತು. ಆಮೇಲೆ ಏನನ್ನಿಸಿತೋ, ಹಿಗ್ಗು ಇಳಿಯಿತು. ಚಪ್ಪಲಿ ಮೆಟ್ಟಿಕೊಂಡು, "ನಡಿಯಲೇ, ಹೋಗಾಣ" ಎಂದ.

ಊರೆಲ್ಲ ಬಾಗಿಲಿಗೆ ಬಂದು ನೋಡುತ್ತಿರಲು, ಮಾಜಿ ಅಧ್ಯಕ್ಷರು ಮಾಜಿ ಉಪಾಧ್ಯಕ್ಷರ ಜಗಲಿ ಹತ್ತಿದರು.

"ಬಂದ್ಯಾ" ಎಂದ ಜಂಬಣ್ಣ.

"ಬಂದೆ."

"ಕುಂತ್ಕ."

ಅರ್ಧ ಗಂಟೆ ಇಬ್ಬರೂ ಎದುರುಮನೆಯ ಗೋಡೆ ನೋಡಿದರು. ಕೊನೆಗೆ ಜಂಬಣ್ಣ, "ಕೋಳಿಸಾರು ಚೆನ್ನಾಗಿತ್ತು. ದಿನಾ ನೆನೆಸ್ಕೊಂಡು ಕಳ್ಸಿದೆಯಲ್ಲ, ಅದೇ ದೊಡ್ಡದು" ಎಂದ.

ಮುದ್ದಣ್ಣ ಕನಕರಾಜನ ಕಡೆ ನೋಡಿದ. ಕನಕರಾಜ ಸೂರಿನ ಕಡೆ ನೋಡಿದ. ಮುದ್ದಣ್ಣ ಒಮ್ಮೆ ಗಂಟಲು ಸರಿಮಾಡಿಕೊಂಡು, "ಹ್ಞೂಂ, ಕಳ್ಸಿದ್ದೆ" ಎಂದ.

ಆಗಸ್ಟ್ ತಿಂಗಳೆಲ್ಲ ಅವರಿಬ್ಬರೂ ಆ ಜಗಲಿ ಬಿಡಲಿಲ್ಲ. ಎಂದೋ ಸತ್ತ ಟಗರುಗಳ ಬಗ್ಗೆ, ಬತ್ತಿದ ಕೆರೆಗಳ ಬಗ್ಗೆ ಮಾತಾಡಿದರು. ಚಿತ್ತಮ್ಮ ನೆಮ್ಮದಿಯಾಗಿದ್ದಳು. ಜಂಬಣ್ಣನ ಕೆಮ್ಮು ಮಾತ್ರ ಸೂಪಿಗೆ ಬಗ್ಗಲಿಲ್ಲ. ಗಣೇಶನ ಹಬ್ಬ ಮುಗಿದ ವಾರಕ್ಕೆ ಅವನನ್ನು ಜುಂಜೇಶನ ಕಾರಿನಲ್ಲಿ ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿದರು. ಎದೆಯಲ್ಲಿ ನೀರು ತುಂಬಿದೆ ಎಂದರು ಡಾಕ್ಟರು. ಜುಂಜೇಶ ಅವರ ಕೈ ಹಿಡಿದು, "ಹೆಂಗಾದ್ರೂ ಉಳಿಸ್ರಿ ಸಾರ್, ನಮ್ಮಪ್ಪನ ಪ್ರಶ್ನೆ" ಎಂದ. ಡಾಕ್ಟರು ಚೀಟಿ ನೋಡಿ, "ಪೇಷೆಂಟು ನಿಮ್ಮ ತಂದೆಯಾ?" ಎಂದರು. "ಅಲ್ಲ ಸಾರ್. ನಮ್ಮಪ್ಪ ಊರಾಗೆ ಚೆನ್ನಾಗಿದಾರೆ." ಡಾಕ್ಟರು ಮುಂದಿನ ಹಾಸಿಗೆಗೆ ಹೋದರು.

ಮೂರನೆಯ ದಿನ ಬೆಳಿಗ್ಗೆ ಕನಕರಾಜ ಹಾಸಿಗೆಯ ಪಕ್ಕ ಕೂತಿದ್ದಾಗ ಜಂಬಣ್ಣ ಕಣ್ಣು ಬಿಟ್ಟ.

"ಸಾರು ಚಿತ್ತಮ್ಮಂದು" ಎಂದ ಮೆಲ್ಲಗೆ. "ನಂಗೆ ಮೊದಲ್ನೇ ದಿನವೇ ಗೊತ್ತು ಕಣಪ್ಪ. ನಿನ್ನ ಬೋರ್ಡು ನಾನೂ ಓದಿದ್ದೆ, ಕಟ್ಟೆ ಮಾತೂ ಕಿವಿಗೆ ಬಿದ್ದಿತ್ತು."

"ಮತ್ತೆ ಕಂಬಳಿ ಯಾಕೆ ಕಳ್ಸಿದ್ರಿ ಮಾವ?"

"ನೆಪ ಸಿಕ್ತು. ಹನ್ನೊಂದು ವರ್ಸದಿಂದ ಒಂದು ನೆಪ ಸಿಕ್ಕಿರ್ಲಿಲ್ಲ." ಉಸಿರು ಎಳೆದುಕೊಂಡ. "ಅವ್ನಿಗೆ ಹೇಳ್ಬ್ಯಾಡ. ತಾನೇ ಕಳ್ಸಿದೆ ಅಂತ ಅಂದವ್ನೆ, ಹಂಗೇ ಇರ್ಲಿ."

ಹನ್ನೊಂದು ಗಂಟೆಯ ಹೊತ್ತಿಗೆ ಜಂಬಣ್ಣ ತೀರಿಕೊಂಡ.

ಸುದ್ದಿ ಫೋನಿನಲ್ಲಿ ಊರು ಮುಟ್ಟಿದ್ದೇ ತಡ, ಕಂಬಳಿಹಟ್ಟಿಯ ಜನ ದಡಬಡಿಸಿ ಎದ್ದು, ಜಂಬಣ್ಣನ ಮನೆಗಲ್ಲ, ಮುದ್ದಣ್ಣನ ಮನೆಗೆ ಹೋದರು. ಕನಕರಾಜ ಶವದ ಜೊತೆ ಊರಿಗೆ ಬಂದಾಗ, ಆಶಾರಾಣಿಯ ಅಂಗಳದಲ್ಲಿ ಹತ್ತು ಜನವಿದ್ದರೆ ಮುದ್ದಣ್ಣನ ಬಾಗಿಲಲ್ಲಿ ಇನ್ನೂರು ಜನವಿದ್ದರು. ಚಿತ್ತಮ್ಮ ಹೊರಗಿನಿಂದ ಚಿಲಕ ಹಾಕಿ ಬಾಗಿಲಿಗೆ ಅಡ್ಡ ಕೂತಿದ್ದಳು. ಬಾಗೂರಿನಿಂದ ಕರೆತಂದ ಕಾಂಪೌಂಡರು ಅರ್ಧ ಗಂಟೆಗೊಮ್ಮೆ ಕಿಟಕಿಯಿಂದ ಮುದ್ದಣ್ಣನ ಕೈ ಹೊರಗೆಳೆದು ಬಿ.ಪಿ. ನೋಡುತ್ತಿದ್ದ. ಪ್ರತಿ ಸಲವೂ ಅದು ಹಿಂದಿನದಕ್ಕಿಂತ ಏರಿರುತ್ತಿತ್ತು, ಪ್ರತಿ ಸಲವೂ ಚಿತ್ತಮ್ಮ ಗೋಳಾಡುತ್ತಿದ್ದಳು. ತಿಪ್ಪೇರುದ್ರಪ್ಪನವರು ಇಬ್ಬರಿಗೂ ಸೇರಿ ಒಂದೇ ಸಂತಾಪ ಸೂಚನೆ ಬರೆದು ಜೇಬಿನಲ್ಲಿಟ್ಟುಕೊಂಡು ದೂರದಲ್ಲಿ ನಿಂತಿದ್ದರು.

"ಬಾಗ್ಲು ತೆಗಿಯೇ!" ಒಳಗಿನಿಂದ ಮುದ್ದಣ್ಣನ ಕೂಗು. "ಅವ್ನಿಗೆ ಒಂದು ಹಿಡಿ ಮಣ್ಣು ಹಾಕಿ ಬರ್ತೀನಿ!"

"ಮಣ್ಣಿನ ಮಾತು ಆಡಬ್ಯಾಡ್ರಿ ಇವತ್ತು!" ಹೊರಗಿನಿಂದ ಚಿತ್ತಮ್ಮ. "ಬಿಸಿಲಾಗೆ ಹೋಗಿ ಎದೆ ಹಿಡ್ಕೊಂಡ್ರೆ? ಆರೂ ಇಪ್ಪತ್ತು ಆಗ್ಲಿ, ಆಮೇಲೆ ಎಲ್ಲಿಗಾದ್ರೂ ಹೋಗ್ರಿ."

ಆಶಾರಾಣಿ ಕನಕರಾಜನ ಕೈಲಿ ಹೇಳಿಕಳಿಸಿದಳು: ದೊಡ್ಡಪ್ಪ ಬರುವುದಾದರೆ ನಾಲ್ಕು ಗಂಟೆಯವರೆಗೆ ಕಾಯುತ್ತೇವೆ. ಕನಕರಾಜ ಚಿತ್ತಮ್ಮನ ಮುಂದೆ ಕೈಮುಗಿದು ನಿಂತ. ಅದು ಪುಸ್ತಕದ ಮಾತು, ಇಲ್ಲಿಗೂ ಅಲ್ಲಿಗೂ ಸಂಬಂಧವಿಲ್ಲ, ಅಧ್ಯಕ್ಷರು ಉಪಾಧ್ಯಕ್ಷರು ಬೇರೆ ಬೇರೆ ದಿನ ಸತ್ತದ್ದೇ ಹೆಚ್ಚು ಎಂದ. ನಲವತ್ತು ಪುಟದಿಂದ ಒಂಬತ್ತು ಉದಾಹರಣೆ ಕೊಟ್ಟ.

"ಜಂಬಣ್ಣ ಮೊದ್ಲು ಹೋಗ್ತಾನೆ ಅಂತ ನೀನೇ ಹೇಳಿದ್ದೆ" ಎಂದಳು ಚಿತ್ತಮ್ಮ. "ಹೋದ್ನೋ ಇಲ್ವೋ?"

ಕನಕರಾಜ ಮುಗಿದ ಕೈ ಇಳಿಸಿ, ಆಶಾರಾಣಿಯ ಅಂಗಳಕ್ಕೆ ವಾಪಸ್ ನಡೆದ.

ನಾಲ್ಕೂವರೆಗೆ ತಮಟೆಯ ಸದ್ದು ಬೀದಿಗೆ ಬಂತು. ಶವಕ್ಕೆ ಬೇರೆ ದಾರಿ ಇರಲಿಲ್ಲ. ಚಿತ್ತಮ್ಮ ಎದ್ದು ಕಿಟಕಿಯನ್ನೂ ಮುಚ್ಚಿದಳು. ಒಳಗಿನ ಕೂಗು ನಿಂತಿತು. ತಮಟೆ ಮನೆಯ ಮುಂದೆ ಹಾದು, ತಿರುವಿನಲ್ಲಿ ಸಣ್ಣದಾಗಿ, ಕೇಳದಂತಾಯಿತು. ಹೊತ್ತವರ ಹಿಂದೆ ಹದಿನಾಲ್ಕು ಜನ ಹೋದರು. ಕನಕರಾಜ ಹದಿನೈದನೆಯವನಾಗಿ ಹೋಗಿ, ಒಂದು ಹಿಡಿ ಹಾಕಿ, ಇನ್ನೊಂದು ಹಿಡಿ ಮುದ್ದಣ್ಣನ ಪರವಾಗಿ ಹಾಕಿ ಬಂದ.

ಅವನು ವಾಪಸ್ ಬರುವಾಗ ಎಲ್ಲರ ಕೈಯಲ್ಲೂ ಮೊಬೈಲು. ಆರೂ ಹದಿನೈದು. ಆರೂ ಇಪ್ಪತ್ತು. ಆರೂವರೆ. ಜುಂಜೇಶನಿಗೆ ಥಟ್ಟನೆ ಒಂದು ಸಂಶಯ ಬಂತು.

"ಕನಕಣ್ಣ, ಆರೂ ಇಪ್ಪತ್ತು ಅಂದ್ರೆ ಅಮೆರಿಕದ ಟೈಮಾ, ನಮ್ಮ ಟೈಮಾ?"

ಇನ್ನೂರು ಮುಖ ಕನಕರಾಜನ ಕಡೆ ತಿರುಗಿದವು. ಅಲ್ಲಿಗೂ ಇಲ್ಲಿಗೂ ಒಂಬತ್ತೂವರೆ ಗಂಟೆ ವ್ಯತ್ಯಾಸವೆಂದು ಅವನಿಗೆ ಗೊತ್ತಿತ್ತು. ಅದನ್ನು ಹೇಳಿದರೆ ಬೆಳಗಿನ ಜಾವದವರೆಗೆ ಚಿಲಕ ತೆಗೆಯುವುದಿಲ್ಲವೆಂದೂ ಗೊತ್ತಿತ್ತು.

"ನಮ್ಮ ಟೈಮು" ಎಂದ.

ಚಿಲಕ ತೆಗೆದರು. ಮುದ್ದಣ್ಣ ಗೋಡೆಗೊರಗಿ, ಕಂಬಳಿ ಹೊದ್ದು, ಕಣ್ಣು ಬಿಟ್ಟುಕೊಂಡು ಕೂತಿದ್ದ. "ಉಳಿದ್ರು!" ಎಂದು ಯಾರೋ ಕೂಗಿದರು. ಗಣೇಶನ ಹಬ್ಬದಲ್ಲಿ ಮಿಕ್ಕಿದ್ದ ಪಟಾಕಿ ಸರವನ್ನು ಇನ್ಯಾರೋ ಹಚ್ಚಿದರು. ತಿಪ್ಪೇರುದ್ರಪ್ಪನವರು ಮುದ್ದಣ್ಣನ ಕೈ ಕುಲುಕಿ ಅಭಿನಂದಿಸಿದರು. ಮುದ್ದಣ್ಣ ಕಂಬಳಿಯನ್ನು ತಲೆಯ ಮೇಲಕ್ಕೆ ಎಳೆದುಕೊಂಡ.

ಮರುದಿನ ಬೆಳಿಗ್ಗೆ ಅವನು ಕನಕರಾಜನನ್ನು ಕರೆದುಕೊಂಡು ಮಣ್ಣು ಮಾಡಿದ ಜಾಗಕ್ಕೆ ಹೋದ. ಹಸಿಮಣ್ಣಿನ ಗುಡ್ಡೆಯ ಮೇಲೆ, ನಾಯಿಗಳು ಕೆದರದಂತೆ, ಯಾರೋ ಮುಳ್ಳು ಹೊದಿಸಿದ್ದರು. ಮುದ್ದಣ್ಣ ಬಗ್ಗಿ, ಒಂದು ಹೆಂಟೆ ಎತ್ತಿ, ಕೈಯಲ್ಲಿ ಪುಡಿಮಾಡಿ ಹಾಕಿದ.

"ಸಾರು ನಾನು ಕಳ್ಸಿದ್ದಲ್ಲ ಕಣಪ್ಪ" ಎಂದ. "ಸುಳ್ಳು ಹೇಳ್ದೆ. ಪಾಪ, ಅದನ್ನೇ ನಂಬ್ಕೊಂಡು ಹೋದ."

ಕನಕರಾಜ ತನ್ನ ಚಪ್ಪಲಿ ನೋಡಿಕೊಂಡ. "ಹೌದು ದೊಡ್ಡಪ್ಪ. ನಂಬ್ಕೊಂಡೇ ಹೋದ್ರು."

ಮುದ್ದಣ್ಣ ಕೈಗಂಟಿದ ಮಣ್ಣು ಒರೆಸಿಕೊಂಡು ಕೇಳಿದ: "ಆ ಅಮೆರಿಕದ ಅಧ್ಯಕ್ಷನಿಗೆ, ಇವ್ನು ಮಧ್ಯಾಹ್ನವೇ ಹೋದ ಅಂತ ಯಾರು ತಿಳಿಸಿದ್ರು?"

"ಯಾರೂ ತಿಳಿಸ್ಲಿಲ್ಲ. ಉಪಾಧ್ಯಕ್ಷರ ಊರು ದೂರ. ಆಗ ಫೋನು ಗೀನು ಇರ್ಲಿಲ್ಲ. ಗೆಳೆಯ ಇನ್ನೂ ಬದುಕವ್ನೆ ಅಂತ ಹೇಳ್ಕೊಂತಲೇ ಕಣ್ಣು ಮುಚ್ಚಿದ್ರಂತೆ."

"ಪುಣ್ಯವಂತ" ಎಂದ ಮುದ್ದಣ್ಣ.

ಬಿಸಿಲು ಏರುತ್ತಿತ್ತು. ಕನಕರಾಜ ಅವನ ಮೊಣಕೈ ಹಿಡಿದು, "ಬರ್ರಿ, ಹೋಗಾಣ. ದೊಡ್ಡಮ್ಮ ಕಾಯ್ತಾ ಇರ್ತಾರೆ. ಜುಂಜಪ್ಪ ದೇವರ ಹರಕೆ ಅಂತ ಹೋಳಿಗೆ ಮಾಡ್ಯಾರೆ" ಎಂದ.

"ಯಾತಕ್ಕೆ ಹೋಳಿಗೆ?"

"ನೀವು ಉಳಿದಿದ್ದಕ್ಕೆ."

ಮುದ್ದಣ್ಣ ಕೈ ಬಿಡಿಸಿಕೊಂಡು ಗುಡ್ಡೆಯ ಪಕ್ಕದಲ್ಲೇ ನೆಲಕ್ಕೆ ಕೂತ. "ನೀನು ಹೋಗಿ ಉಣ್ಣಪ್ಪ" ಎಂದ. "ನನ್ನ ಪಾಲಿಂದೂ ಉಣ್ಣು."